ಕ್ಯಾಮೆರಾದ ಮೈಮೇಲಿನ ಅಂಕಿ

ಸೈದಾಪುರವು ವಾಡಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯಲ್ಲಿರುವ ಊರು. ಹಿಂದೆ ರೈಲು ನಿಲ್ದಾಣಗಳಲ್ಲಿ ರಟ್ಟಿನ ಚಿಕ್ಕ ಟಿಕೆಟ್ಟುಗಳನ್ನು ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಪ್ರತಿಯೊಂದರ ಮೇಲೂ ಒಂದು ಕ್ರಮಸಂಖ್ಯೆ ಅಚ್ಚಾಗಿರುತ್ತಿದ್ದಿತು. ಒಂದು ದಿನ ಇಲ್ಲಿಯ ನಿಲ್ದಾಣದಲ್ಲಿ ಒಂದರಿಂದ ಆರಂಭವಾಗುವ ಹೊಸ ಕಟ್ಟನ್ನು ಬಿಚ್ಚಿ ಮಾರಿದರೆಂದೂ, ಸಂಜೆ ಪ್ಲಾಟ್‌ಫಾರಮಿನ ಮೇಲೆ ಬಿದ್ದಿದ್ದ ಐದು ಟಿಕೆಟ್ಟುಗಳು ನಮಗೆ ದೊರೆತುವೆಂದೂ ಇಟ್ಟುಕೊಳ್ಳೋಣ: 14, 37, 52, 71, 90. ಆ ದಿನ ಒಟ್ಟು ಎಷ್ಟು ಮಾರಾಟವಾದುವು?

ತೊಂಬತ್ತಕ್ಕೆ ಕಡಮೆಯಿಲ್ಲವೆಂಬುದು ಸ್ಪಷ್ಟ. ಆದರೆ ಕಟ್ಟಕಡೆಯ ಟಿಕೆಟ್ಟೇ ನಮ್ಮ ಕೈಗೆ ಬಂದಿತೆಂದು ನಂಬಲು ಕಾರಣವಿಲ್ಲ. ತೊಂಬತ್ತರಲ್ಲಿ ನಾವು ಕಾಣದೆ ಉಳಿದುವು ಎಂಬತ್ತೈದು. ಅವು ನಾವು ಕಂಡ ಐದು ಟಿಕೆಟ್ಟುಗಳ ಹಿಂದಿನ ಐದು ತೆರಪುಗಳಲ್ಲಿ ಹಂಚಿಹೋಗಿವೆ. ತೆರಪಿಗೆ ಸರಾಸರಿ ಹದಿನೇಳು. ಅಷ್ಟೇ ತೆರಪು ತೊಂಬತ್ತರ ಆಚೆಗೂ ಇದ್ದೀತೆಂದು ಎಣಿಸಿದರೆ 107 ಎಂಬ ಉತ್ತರ ಬರುವುದು. ಇದು ಸತ್ಯವಲ್ಲ, ಅಂದಾಜು. ಆದರೆ ಬರಿಯ ಊಹೆಯೂ ಅಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ಜರ್ಮನ್ ಟ್ಯಾಂಕುಗಳನ್ನು ಎಣಿಸಿದುದು ಈ ಬಗೆಯ ವಿಚಾರದಿಂದಲೇ. ಸೆರೆಸಿಕ್ಕ ಟ್ಯಾಂಕುಗಳ ಬಿಡಿಭಾಗಗಳ ಮೇಲಿನ, ಅದರಲ್ಲಿಯೂ ಗೇರುಪೆಟ್ಟಿಗೆಗಳ ಮೇಲಿನ, ಅಂಕಿಗಳನ್ನು ಅವರು ಬರೆದಿಟ್ಟುಕೊಂಡರು. 1942ರ ಆಗಸ್ಟ್ ತಿಂಗಳಲ್ಲಿ ತಯಾರಾದ ಟ್ಯಾಂಕುಗಳು 1,550 ಎಂದು ಗೂಢಚಾರರ ವರದಿಗಳು ಹೇಳಿದುವು. ಅಂಕಿಗಳ ಲೆಕ್ಕವು 327 ಎಂದಿತು. ಯುದ್ಧ ಮುಗಿದ ಮೇಲೆ ಜರ್ಮನರ ಕಡತಗಳಲ್ಲಿ ಕಂಡುಬಂದುದು 342. ರಗಲ್ಸ್ ಮತ್ತು ಬ್ರೋಡಿ ಎಂಬ ವಿದ್ವಾಂಸರು 1947ರಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದರು.

ಹಳೆಯ ರೀಲು ಕ್ಯಾಮೆರಾಗಳನ್ನು ಕೂಡಿಹಾಕುವವರಿಗೂ ಇದೇ ಪ್ರಶ್ನೆ. ಇಂಥ ಮಾದರಿಯವು ಎಷ್ಟು ತಯಾರಾದುವು? ಎಷ್ಟೋ ಕಾರ್ಖಾನೆಗಳು ಮುಚ್ಚಿಹೋಗಿವೆ, ಲೆಕ್ಕದ ಪುಸ್ತಕಗಳು ಅಳಿದಿವೆ. ಉಳಿದ ಸಾಕ್ಷಿಯೆಂದರೆ ಯಂತ್ರದ ಮೈಮೇಲಿನ ಅಂಕಿಯೊಂದೇ. ಆ ಸಾಕ್ಷಿಯೂ ಎಲ್ಲ ಕಡೆ ಇಲ್ಲ. ನಮ್ಮ ದೇಶದ ಮನೆಮನೆಗಳಲ್ಲಿದ್ದ, ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಪೆಟ್ಟಿಗೆಗಳಲ್ಲಿ ನಾವು ಕಂಡ ಯಾವುದಕ್ಕೂ ಅಂಕಿಯಿರಲಿಲ್ಲ. ಅಲ್ಲಿ ಈ ವಿದ್ಯೆ ನಡೆಯದು.

ಅಂಕಿಯಿದ್ದಲ್ಲಿಯೂ ಅದನ್ನು ಓದುವ ಬಗೆ ತಿಳಿದಿರಬೇಕು. ಲೈಕಾ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಹೊರಬಂದಿತು. ಅದಕ್ಕೆ ಮುಂಚಿನ ಪರೀಕ್ಷೆಯ ತಂಡದ ಅಂಕಿಗಳೇ ಸುಮಾರು ನೂರರಿಂದ ಮೊದಲಾಗುತ್ತವೆ. 1954ರ ಎಂ-3 ಮಾದರಿ ಏಳು ಲಕ್ಷದಿಂದ ಆರಂಭವಾಯಿತು. ಅದಕ್ಕೆ ಮುಂಚೆ ಏಳು ಲಕ್ಷ ಎಂ-3ಗಳು ಇದ್ದುವೆಂದು ಇದರರ್ಥವಲ್ಲ. ಮುಂದೆ 1957ರಲ್ಲಿ ಬಂದ ಎಂ-2 ಮಾದರಿಯೂ ಅದೇ ಸಾಲಿನಲ್ಲಿ ಪಾಲು ಪಡೆಯಿತು; ಆದುದರಿಂದ ಕೊನೆಯ ಅಂಕಿಯಿಂದ ಮೊದಲ ಅಂಕಿಯನ್ನು ಕಳೆದರೆ ಎಂ-3ರ ಲೆಕ್ಕ ಸಿಕ್ಕದು. ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕಿನ ಜೋರ್ಕಿ ಕ್ಯಾಮೆರಾಗಳಲ್ಲಿಯಾದರೋ, 1950ರ ದಶಕದ ನಡುಭಾಗದಿಂದೀಚೆಗೆ ಮೊದಲ ಎರಡು ಅಂಕಿಗಳು ತಯಾರಾದ ವರ್ಷವನ್ನು ಸೂಚಿಸುತ್ತವೆ. ಇದನ್ನರಿಯದವನು ಐವತ್ತೆಂಟು ಲಕ್ಷವೆಂದು ಬೆರಗಾಗುವನು. ನಾವೂ ಒಮ್ಮೆ ಬೆರಗಾದವರೇ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೊಂದು ಬಗೆಯಲ್ಲಿ ಬಿದ್ದಿತು. ನಗರವೊಂದರ ಹಳೆಯ ಸಾಮಾನಿನ ಪೇಟೆಯಲ್ಲಿ ಲೈಕಾ ಎಂಬ ಹೆಸರನ್ನೂ ಜರ್ಮನ್ ಸೇನೆಯ ಹದ್ದಿನ ಗುರುತನ್ನೂ ಕೆತ್ತಿದ ಒಂದು ಕ್ಯಾಮೆರಾವನ್ನು ಒಂದು ತಿಂಗಳ ಸಂಬಳಕ್ಕೆ ಸಮೀಪದ ಬೆಲೆ ತೆತ್ತು ಕೊಂಡೆವು. ಅದರ ಅಂಕಿಯನ್ನು ಹೆಮ್ಮೆಯಿಂದ ನಮ್ಮ ಪಟ್ಟಿಗೆ ಏರಿಸಿದೆವು. ತಿಂಗಳುಗಳು ಕಳೆದ ಮೇಲೆ ಮಸೂರವನ್ನು ತಿರುಗಿಸಿ ತೆಗೆದು ಒಳಗೆ ನೋಡಿದಾಗ, ದೂರಮಾಪಕವನ್ನು ಮುಟ್ಟುವ ಕಡೆ ಲೈಕಾಕ್ಕೆ ಸಹಜವಾದ ಪುಟ್ಟ ಉರುಳೆಯ ಬದಲು ಬೆಣೆಯಂಥ ಲೋಹದ ತುಂಡು ಕಂಡಿತು. ಅದು ಸೋವಿಯತ್ ಜೋರ್ಕಿ. ಮೇಲಿನ ಕೆತ್ತನೆಯೆಲ್ಲ ತರುವಾಯದ ಕೈವಾಡ. ಹಣ ಹೋದುದು ನಮ್ಮ ಅವಿವೇಕಕ್ಕೆ ತೆತ್ತ ದಂಡ, ಇರಲಿ. ಆದರೆ ಪಟ್ಟಿಯ ಗತಿ ನೋಡಿ. ಮೊದಲಿನ ಐದು ಟಿಕೆಟ್ಟುಗಳ ಜೊತೆಗೆ ಯಾರೋ ಕುಚೋದ್ಯಕ್ಕೆ 900 ಎಂದು ಬರೆದ ಆರನೆಯದನ್ನು ಸೇರಿಸಿದರೆ, ಅದೇ ರೀತಿಯ ಲೆಕ್ಕವು 107ರಿಂದ 1,049ಕ್ಕೆ ಹಾರುತ್ತದೆ. ಇಡಿಯ ಅಂದಾಜು ಅತಿ ದೊಡ್ಡ ಅಂಕಿಯ ಹೆಗಲ ಮೇಲೆಯೇ ನಿಂತಿರುವುದರಿಂದ, ಅದೊಂದು ಸುಳ್ಳಾದರೆ ಉಳಿದ ಐದರ ಸತ್ಯದಿಂದ ಪ್ರಯೋಜನವಿಲ್ಲ. ಅಂದಿನಿಂದ ಮಸೂರ ಬಿಚ್ಚಿ ನೋಡದೆ ಯಾವ ಲೈಕಾದ ಅಂಕಿಯನ್ನೂ ನಾವು ಬರೆದುಕೊಂಡಿಲ್ಲ.

ಇನ್ನೊಂದು ತೊಡಕು ಸೌಮ್ಯವಾದುದು, ಆದರೆ ಹೆಚ್ಚು ವಂಚಕವಾದುದು. ಟಿಕೆಟ್ಟುಗಳು ಎಲ್ಲೆಲ್ಲಿಯೋ ಚೆದುರಿ ಬಿದ್ದಿದ್ದರೆ ಮಾತ್ರ ಮೇಲಿನ ಲೆಕ್ಕ ಸರಿ. ಒಂದೇ ಕುಟುಂಬದವರು ಒಟ್ಟಿಗೆ ಕೊಂಡು ಒಟ್ಟಿಗೆ ಎಸೆದುವಾಗಿದ್ದರೆ ಅವು ಐದಾದರೂ ಒಂದರ ಸಾಕ್ಷ್ಯವನ್ನಷ್ಟೇ ನುಡಿಯುತ್ತವೆ. ನಮ್ಮ ಸೀಮೆಯ ಎರಡು ಸ್ಟುಡಿಯೋಗಳಲ್ಲಿ ಜೋಡಿ ಮಸೂರದ ಯಾಷಿಕಾಗಳ ಅಂಕಿಗಳು ತೀರ ಹತ್ತಿರ ಬಂದಾಗ ನಾವು ಹಿಗ್ಗಿದೆವು. ವಿಚಾರಿಸಲಾಗಿ ಎರಡನ್ನೂ ಒಂದೇ ಅಂಗಡಿಯಿಂದ ಒಂದೇ ದಿನ ತಂದಿದ್ದರು.

ಅಂತೂ ಬೇಕಾದುದು ಹೆಚ್ಚು ಅಂಕಿಗಳು, ಬೇರೆ ಬೇರೆ ಕಡೆಗಳಿಂದ. ಕೊಳ್ಳುವ ಅಗತ್ಯವೇನೂ ಇಲ್ಲ, ಬರೆದುಕೊಂಡರೆ ಸಾಕು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಗಳವರು ಹಳೆಯವನ್ನು ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟರು. ಕರಗಿದ ಲೋಹದೊಡನೆ ಅಂಕಿಯೂ ಕರಗಿತು.

ಕಳೆದ ಬೇಸಗೆಯಲ್ಲಿ ಸೈದಾಪುರದ ಒಬ್ಬ ಹಿರಿಯ ಛಾಯಾಗ್ರಾಹಕರ ಬಳಿಗೆ ಹೋಗಿದ್ದೆವು. ಷಟರು ಕೆಟ್ಟ ಯಾಷಿಕಾವನ್ನು ಅವರು ಮೇಜಿನ ಮೇಲಿಟ್ಟರು. ನಾವು ಕನ್ನಡಕ ಸರಿಪಡಿಸಿಕೊಂಡು ಅಂಕಿಯನ್ನು ಬರೆದುಕೊಳ್ಳತೊಡಗಿದಾಗ ನಕ್ಕರು.

“ಕೆಟ್ಟು ಹೋದದ್ದರೀ ಸರ ಅದು. ಬರೇ ನಂಬರ ತೊಗೊಂಡು ಏನ್ ಮಾಡ್ತೀರಿ?”

ಟಿಕೆಟ್ಟುಗಳ ಕಥೆಯನ್ನು ಅವರಿಗೂ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ, ಮಂಚದ ಕೆಳಗಿನ ಟ್ರಂಕಿನಿಂದ ಇನ್ನೊಂದನ್ನು ತಂದರು. ಮಸೂರ ಒಡೆದಿತ್ತು, ಚರ್ಮ ಕಿತ್ತಿತ್ತು. ಅಂಕಿ ಮಾತ್ರ ಸ್ಪಷ್ಟವಾಗಿತ್ತು.