ತೆರೆ ಕಪ್ಪಾದದ್ದು ಯಾವ ಹಂತದಲ್ಲಿ?

ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೆ ಕಂಪ್ಯೂಟರ್ ಮುಷ್ಕರ ಹೂಡಿದರೆ ಸುತ್ತಲಿನವರಿಂದ ಸಾಮಾನ್ಯವಾಗಿ ಎರಡು ತೀರ್ಪು ಬರುತ್ತವೆ. ‘ಕಾರ್ಡೇ ಡಿಫೆಕ್ಟ್, ವಾಪಸ್ ಕೊಡು’ ಎಂಬುದು ಒಂದು. ‘ಡ್ರೈವರ್ ಪ್ರಾಬ್ಲಮ್, ವಿಂಡೋಸ್ ಹೊಸದಾಗಿ ಹಾಕು’ ಎಂಬುದು ಇನ್ನೊಂದು. ಎರಡೂ ವಿಚಾರಣೆಗೆ ಮೊದಲೇ ಕೊಟ್ಟ ತೀರ್ಪುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾರ್ಡ್ ಕೊಂಡು ದೂರದ ಊರಿಗೆ ಒಯ್ದವರಿಗೆ ಮೊದಲ ಸಲಹೆ ದುಬಾರಿ, ಎರಡನೆಯದು ಅನೇಕ ವೇಳೆ ವ್ಯರ್ಥ ಶ್ರಮ. ಕಪ್ಪು ತೆರೆ ಎಂಬ ಒಂದೇ ಲಕ್ಷಣಕ್ಕೆ ಹತ್ತಾರು ಕಾರಣಗಳಿರುವುದರಿಂದ ಲಕ್ಷಣವನ್ನಷ್ಟೇ ನೋಡಿ ಮೂಲ ಹೇಳಲಾಗದು. ಸ್ವಿಚ್ ಒತ್ತಿದ ಮೇಲೆ ಯಾವ ಹಂತದಲ್ಲಿ ತೊಂದರೆ ಕಾಣಿಸಿತು ಎಂದು ಗಮನಿಸಿದರೆ ಅರ್ಧದಷ್ಟು ಕಾರಣಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಇದು ಹೇಗೆಂದು ತಿಳಿಯಲು ಡ್ರೈವರ್‌ನ ಕೆಲಸ ಗೊತ್ತಿರಬೇಕು. ಆಟವೊಂದು ಡೈರೆಕ್ಟ್‌ಎಕ್ಸ್ ಅಥವಾ ವಲ್ಕನ್ ಮೂಲಕ ‘ಇಂಥ ಚಿತ್ರ ಬರೆ’ ಎಂದು ಕೇಳುತ್ತದೆ. ಆ ಬೇಡಿಕೆಯನ್ನು ಆಯಾ ಕಾರ್ಡ್‌ಗೆ ಅರ್ಥವಾಗುವ ಆಜ್ಞೆಗಳನ್ನಾಗಿ ಮಾಡುವ ತಂತ್ರಾಂಶವೇ ಡ್ರೈವರ್. ಅದು ಎಚ್ಚರಗೊಳ್ಳುವುದು ವಿಂಡೋಸ್ ಏಳುವಾಗ. ಅದಕ್ಕೂ ಮುಂಚೆ ಬಯಾಸ್ ಪರದೆಯನ್ನು ತೋರಿಸುವುದು ಕಾರ್ಡ್‌ನೊಳಗೇ ಇರುವ ಫರ್ಮ್‌ವೇರ್. ಆದ್ದರಿಂದ ಕಂಪ್ಯೂಟರ್ ಆನ್ ಮಾಡಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತ ಹೋದರೂ ಬಯಾಸ್ ಕಾಣಿಸದಿದ್ದರೆ, ವಿಂಡೋಸ್‌ನ ಡ್ರೈವರ್ ಆ ಹೊತ್ತಿಗೆ ಇನ್ನೂ ರಂಗಕ್ಕೇ ಬಂದಿಲ್ಲ. ಅದನ್ನು ದೂರುವುದರಲ್ಲಿ ಅರ್ಥವಿಲ್ಲ. ಆಗ ನೋಡಬೇಕಾದದ್ದು ಮಾನಿಟರ್ ಕೇಬಲ್ ಕಾರ್ಡ್‌ನ ಪೋರ್ಟ್‌ನಲ್ಲಿದೆಯೋ, ಹಳೆಯ ಅಭ್ಯಾಸದಂತೆ ಮದರ್‌ಬೋರ್ಡ್‌ನ ಪೋರ್ಟ್‌ನಲ್ಲೇ ಉಳಿದಿದೆಯೋ ಎಂಬುದನ್ನು. ಕಾರ್ಡ್ ಸ್ಲಾಟ್‌ನಲ್ಲಿ ಪೂರ್ತಿ ಕೂತಿದೆಯೇ, ವಿದ್ಯುತ್ ಕನೆಕ್ಟರ್‌ಗಳೆಲ್ಲ ಜೋಡಣೆಯಾಗಿವೆಯೇ ಎಂಬುದನ್ನು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಎಂಟು ಪಿನ್ನಿನ ಒಂದು ಕನೆಕ್ಟರ್ 150 ವ್ಯಾಟ್ ಸೇರಿಸುತ್ತದೆ. ಅದನ್ನು ಮರೆತರೆ ಯಾವ ಡೌನ್‌ಲೋಡ್ ಕೂಡ ನೆರವಿಗೆ ಬಾರದು.

ಬಯಾಸ್ ಕಂಡು, ವಿಂಡೋಸ್ ತೆರೆದುಕೊಂಡು, ಐಕಾನ್‌ಗಳು ಮಾತ್ರ ದೊಡ್ಡದಾಗಿ ಮಸುಕಾಗಿ ಕಂಡರೆ ಅದು ಎರಡನೆಯ ಹಂತ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ವಿಂಡೋಸ್ ತನ್ನ ತುರ್ತು ಡ್ರೈವರ್‌ನಿಂದ ದಿನ ದೂಡುತ್ತಿದೆ ಎಂದರ್ಥ. ಕಾರ್ಡ್ ಕೆಟ್ಟಿದೆ ಎಂದಲ್ಲ. ಅಲ್ಲಿ ಕೋಡ್ 28 ಕಂಡರೆ ಡ್ರೈವರ್ ಇನ್ನೂ ಹಾಕಿಲ್ಲ. ಕೋಡ್ 43 ಕಂಡರೆ ಸಾಧನವೇ ತೊಂದರೆಯಿದೆಯೆಂದು ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಇದಕ್ಕೆ ಹಾಳಾದ ಡ್ರೈವರ್ ಕಾರಣವಿರಬಹುದು, ಕಾರ್ಡೂ ಕಾರಣವಿರಬಹುದು. ಹಳೆಯ ಕಾರ್ಡ್‌ನ ಡ್ರೈವರ್ ತುಣುಕುಗಳು ಉಳಿದುಕೊಂಡಿದ್ದರೆ, ಅಥವಾ ನಾವು ಒಂದು ಆವೃತ್ತಿ ಹಾಕುತ್ತಿರುವಾಗಲೇ ವಿಂಡೋಸ್ ಅಪ್‌ಡೇಟ್ ಹಿಂಬಾಗಿಲಿನಿಂದ ಇನ್ನೊಂದನ್ನು ತಂದಿಟ್ಟರೆ ಈ ಹಂತದಲ್ಲಿ ಗೋಜಲಾಗುತ್ತದೆ. ಹೊಸ ಡ್ರೈವರ್ ಅನ್ನು ತಯಾರಕರ ಜಾಲತಾಣದಿಂದ ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ತಪ್ಪಿಸಿ, ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ಹೊಸದನ್ನು ಹಾಕಬೇಕು. ಅದರಿಂದಲೂ ಆಗದಿದ್ದರೆ ಸೇಫ್ ಮೋಡ್‌ನಲ್ಲಿ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಸಾಧನದಿಂದ ಬೇರುಸಹಿತ ಕಿತ್ತು, ಮತ್ತೆ ಹಾಕಿ ನೋಡಬಹುದು.

ಹೆಚ್ಚು ದಾರಿ ತಪ್ಪಿಸುವುದು ಮೂರನೆಯ ಹಂತ. ಎಲ್ಲವೂ ಸರಿಯಿದೆ ಎನ್ನುವಾಗ ಆಟದ ನಡುವೆ ತೆರೆ ಕಪ್ಪಾಗಿ, ಮರಳಿ ಬಂದು, ‘ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸಲಿಲ್ಲ’ ಎಂಬ ದಾಖಲೆ ಉಳಿಯುತ್ತದೆ. ವಿಸ್ಟಾದ ಕಾಲದಿಂದ ವಿಂಡೋಸ್‌ನಲ್ಲಿ ಒಂದು ಕಾವಲು ವ್ಯವಸ್ಥೆಯಿದೆ: ಕೊಟ್ಟ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಸ್ಪಂದಿಸದಿದ್ದರೆ ಅದು ಡ್ರೈವರ್ ಅನ್ನು ಮರುಚಾಲನೆ ಮಾಡುತ್ತದೆ. ಸಂದೇಶದಲ್ಲಿ ಡ್ರೈವರ್‌ನ ಹೆಸರಿರುವುದು ಉತ್ತರ ಕೊಡಬೇಕಾದದ್ದು ಅದು ಎಂಬ ಕಾರಣಕ್ಕೆ. ತಪ್ಪು ಅದರದೇ ಎಂಬ ಕಾರಣಕ್ಕಲ್ಲ. ಸೋತ ಪವರ್ ಸಪ್ಲೈ, ಮಿತಿಮೀರಿದ ಬಿಸಿ, ರ‍್ಯಾಮ್‌ನ ವೇಗ ಹೆಚ್ಚಿಸಲು ಬಯಾಸ್‌ನಲ್ಲಿ ಆನ್ ಮಾಡಿದ ಎಕ್ಸ್‌ಎಂಪಿ, ಇವುಗಳಲ್ಲಿ ಯಾವುದಾದರೂ ಇದೇ ಸಂದೇಶವನ್ನು ಹೊರಡಿಸಬಲ್ಲದು. ಹಾಗಾಗಿ ಇಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು: ಇಂದು ಎಕ್ಸ್‌ಎಂಪಿ ಆಫ್ ಮಾಡಿದರೆ ಡ್ರೈವರ್ ಮುಟ್ಟಬಾರದು. ಎರಡನ್ನೂ ಒಟ್ಟಿಗೆ ಬದಲಿಸಿ ತೊಂದರೆ ನಿಂತರೆ ನಿಲ್ಲಿಸಿದ್ದು ಯಾವುದೆಂದು ತಿಳಿಯುವುದಿಲ್ಲ.

ಹಾಗಾದರೆ ಡ್ರೈವರ್ ಯಾವಾಗಲೂ ನಿರಪರಾಧಿಯೇ ಎಂದು ಕೇಳಬಹುದು. ಖಂಡಿತ ಅಲ್ಲ. 2007ರಲ್ಲಿ ಮೈಕ್ರೋಸಾಫ್ಟ್ ದಾಖಲಿಸಿದ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಸುಮಾರು ಶೇಕಡಾ 29 ಎನ್‌ವಿಡಿಯಾ ಡ್ರೈವರ್‌ಗಳ ಪಾಲು ಎಂಬುದು ಮುಂದೆ ನ್ಯಾಯಾಲಯದ ಕಡತಗಳಿಂದ ಹೊರಬಿತ್ತು. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಫ್ಯಾನ್ ನಿಯಂತ್ರಣ ಕೈಕೊಟ್ಟ ದೂರುಗಳ ಕಾರಣ 196.75 ಆವೃತ್ತಿಯನ್ನು ಹಿಂತೆಗೆದುಕೊಂಡಿತು. 2025ರ ಆರಂಭದಲ್ಲಿ ಆರ್‌ಟಿಎಕ್ಸ್ 50 ಸರಣಿಯ ಕಪ್ಪು ತೆರೆಯ ದೂರುಗಳಿಗೂ ತುರ್ತು ಡ್ರೈವರ್ ತಿದ್ದುಪಡಿಗಳು ಬಂದವು. ಇದಕ್ಕೆ ವಿರುದ್ಧವಾದ ಉದಾಹರಣೆ ಇಂಟೆಲ್ ಆರ್ಕ್‌ನದು: 2022ರಲ್ಲಿ ಬಂದಾಗ ಡೈರೆಕ್ಟ್‌ಎಕ್ಸ್ 9ರ ಹಳೆಯ ಆಟಗಳಲ್ಲಿ ಏದುಸಿರು ಬಿಡುತ್ತಿದ್ದ ಅದೇ ಕಾರ್ಡ್‌ಗಳು ಮುಂದಿನ ಡ್ರೈವರ್‌ಗಳಿಂದ ಗಣನೀಯವಾಗಿ ಚುರುಕಾದವು. ಆದ್ದರಿಂದ ‘ಹೊಸದೇ ಒಳ್ಳೆಯದು’ ಎಂಬುದೂ ‘ಹಳೆಯದೇ ಭದ್ರ’ ಎಂಬುದೂ ನಿಯಮವಾಗಲಾರದು. ಇಲ್ಲಿಯೂ ಉಪಯೋಗಕ್ಕೆ ಬರುವುದು ಹೊತ್ತಿನ ಪ್ರಶ್ನೆಯೇ. ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಗೆ ಹಿಂದಿನ ಆವೃತ್ತಿಗೆ ಮರಳುವುದು ಮದ್ದು. ಮೊದಲ ದಿನದಿಂದಲೂ ಇರುವ ತೊಂದರೆಗೆ ಹೊಸ ಆವೃತ್ತಿ ಹಾಕಿ ನೋಡುವುದು ಸರಿ.

ಇಷ್ಟೆಲ್ಲ ತಾಪತ್ರಯಕ್ಕಿಂತ ವಿಂಡೋಸ್ ಹೊಸದಾಗಿ ಹಾಕುವುದು ಸುಲಭ ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಕೆಲವೊಮ್ಮೆ ಅದರಿಂದ ಸರಿಹೋಗುತ್ತದೆ. ಆದರೆ ಅದು ನೂರು ಸಂಗತಿಗಳನ್ನು ಒಮ್ಮೆಗೇ ಬದಲಿಸಿ, ದಾಖಲೆಗಳನ್ನೂ ಅಳಿಸಿಬಿಡುತ್ತದೆ. ಮೂಲ ಪವರ್ ಸಪ್ಲೈನಲ್ಲಿದ್ದರೆ ವಾರದಲ್ಲಿ ತೊಂದರೆ ಮರುಕಳಿಸುತ್ತದೆ, ಕೈಯಲ್ಲಿ ಸುಳಿವೂ ಇರುವುದಿಲ್ಲ. ಅದನ್ನು ಮೊದಲ ಮದ್ದಾಗಿ ಬಳಸದೆ ಕೊನೆಯ ಪರೀಕ್ಷೆಗಳಲ್ಲಿ ಒಂದಾಗಿ ಇಟ್ಟುಕೊಳ್ಳುವುದು ಲೇಸು. ದುಡ್ಡು ಕೊಟ್ಟ ಗ್ರಾಹಕ ಈ ಪತ್ತೇದಾರಿಕೆ ಏಕೆ ಮಾಡಬೇಕು ಎಂಬ ಆಕ್ಷೇಪ ಇನ್ನೂ ನ್ಯಾಯವಾದದ್ದು. ಸರಿಯಾದ ಸರಕು ಕೊಡುವುದು ಮಾರಿದವರ ಹೊಣೆ. ಆದರೆ ವಾರಂಟಿ ಕೇಳಲು ಹೋದಾಗ ಅಂಗಡಿಯವರೂ ‘ಡ್ರೈವರ್ ಪ್ರಾಬ್ಲಮ್ ಸಾರ್’ ಎಂದು ಸಾಗಹಾಕಬಹುದು. ಯಾವ ಹಂತದಲ್ಲಿ ನಿಂತಿತು, ಯಾವ ಆವೃತ್ತಿ ಹಾಕಿತ್ತು, ಬೇರೆ ಕಂಪ್ಯೂಟರ್‌ಗೆ ಹಾಕಿದಾಗಲೂ ಹೀಗೇ ಆಯಿತೇ ಎಂದು ಬರೆದಿಟ್ಟುಕೊಂಡವರ ಮುಂದೆ ಆ ಮಾತು ನಡೆಯದು. ಬಯಾಸ್ ಪರದೆಯೇ ಬಾರದ ಕಾರ್ಡ್ ಎರಡು ಕಂಪ್ಯೂಟರ್‌ಗಳಲ್ಲೂ ಹಾಗೇ ಉಳಿದರೆ ಡ್ರೈವರ್‌ನ ನೆಪ ಹೇಳಲು ಯಾರಿಗೂ ಎಡೆಯಿಲ್ಲ; ಆಗ ಬದಲಿ ಕಾರ್ಡ್ ಅನ್ನು ನಿಸ್ಸಂಕೋಚವಾಗಿ ಕೇಳಿ ಪಡೆಯಬಹುದು.