ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು, ಸಂಜೆ ಸೋನೆ: ಕಿಟಕಿ ಮುಚ್ಚೋದೋ, ತೆಗೆಯೋದೋ?

ನಂಜನಗೂಡು, ತಿ. ನರಸೀಪುರ: ಚಳಿ ಎಷ್ಟಿದೆ ಎಂದು ತಿಳಿಯಲು ಈ ಎರಡು ಊರುಗಳ ಮನೆಯವರಿಗೆ ಥರ್ಮಾಮೀಟರು ಬೇಕಿಲ್ಲ. ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಶೀಸೆಯೇ ಸಾಕು. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಎಣ್ಣೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಆರಕ್ಕೆ ಬೆಣ್ಣೆಯಂತೆ ಗಟ್ಟಿ, ಮಧ್ಯಾಹ್ನಕ್ಕೆ ನೀರಿನಂತೆ ತೆಳು, ರಾತ್ರಿ ಮಲಗುವ ಹೊತ್ತಿಗೆ ಮತ್ತೆ ಬಿಳುಪು. ಡಿಸೆಂಬರ್, ಜನವರಿಯಲ್ಲಿ ಹವೆ ಒಂದೇ ದಿನದೊಳಗೆ ಆಡುವ ಆಟ ಇದು.

ಮೊದಲ ಬಸ್ಸಿಗೆ ಮೈಸೂರಿಗೆ ಹೊರಡುವವರನ್ನು ನೋಡಿ. ಮಂಕಿ ಟೋಪಿ, ಮಫ್ಲರು, ಸ್ವೆಟರು, ಅದರ ಮೇಲೊಂದು ಶಾಲು. ಕಪಿಲೆಯ ಸೇತುವೆ ಮೇಲೆ ಎದುರಿನ ಲಾರಿ ಕಾಣದಷ್ಟು ಮಂಜು. ಅದೇ ಜನ ಮಧ್ಯಾಹ್ನ ವಾಪಸು ಬರುವಾಗ ಸ್ವೆಟರು ಬ್ಯಾಗಿನಲ್ಲಿ, ಬೆವರು ಹಣೆಯಲ್ಲಿ. ಸಂಜೆಗೆ ಮೋಡ ಕವಿದು ನಾಲ್ಕು ಹನಿ ಉದುರಿದರೆ ಛತ್ರಿ ಮನೇಲಿ! "ಇದು ಚಳಿಗಾಲವೋ, ಮಳೆಗಾಲವೋ, ಬೇಸಿಗೇನೋ, ಆ ನಂಜುಂಡೇಶ್ವರನಿಗೇ ಗೊತ್ತು" ಅನ್ನೋದು ಬಸ್‌ಸ್ಟ್ಯಾಂಡಿನ ಸಾಮಾನ್ಯ ಮಾತು.

ಲೆಕ್ಕ ನೋಡಿದರೆ ಚಳಿ ಅಂಥ ಭಾರಿಯದೇನಲ್ಲ. ಮೈಸೂರು ಸೀಮೆಯಲ್ಲಿ ಈ ತಿಂಗಳುಗಳಲ್ಲಿ ಮುಂಜಾನೆ ಸುಮಾರು 16 ಡಿಗ್ರಿ, ಮಧ್ಯಾಹ್ನ 28ರ ಆಸುಪಾಸು. 2012ರ ಜನವರಿಯಲ್ಲಿ ಮೈಸೂರಿನಲ್ಲಿ 7.7 ಡಿಗ್ರಿಗೆ ಇಳಿದಿದ್ದು ಅಪರೂಪದ ಮಾತು. ಕಷ್ಟ ಇರುವುದು ಚಳಿಯಲ್ಲಿ ಅಲ್ಲ, ಏರಿಳಿತದಲ್ಲಿ.

ಕಂಬಳಿ ಹೊದ್ದ ಆಕಾಶ

ಹೀಗೇಕೆ? ಆಕಾಶ ಶುಭ್ರವಾಗಿದ್ದರೆ ಹಗಲು ಕಾದ ನೆಲ ರಾತ್ರಿಯೆಲ್ಲ ಕಾವನ್ನು ಮೇಲಕ್ಕೆ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ಮೋಡವಿದ್ದರೆ ಅದೇ ಕಂಬಳಿ. ಕಾವು ಹೊರಗೆ ಹೋಗದು, ರಾತ್ರಿ ಸೆಕೆ. ನರಸೀಪುರದಲ್ಲಿ ಕಾವೇರಿ ಕಪಿಲೆ ಎರಡೂ ಕೂಡುತ್ತವೆ, ಸುತ್ತ ನಾಲೆ, ಗದ್ದೆ. ನೀರಿನ ಪಸೆ ಇದ್ದ ಕಡೆ ಗಾಳಿ ತಣ್ಣಗಾದರೆ ಮಂಜು ತಾನೇ ತಾನಾಗಿ ಏಳುತ್ತದೆ.

ಮಳೆಯದು ಬೇರೆ ಕತೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಕಾಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಜಡಿ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಹತ್ತಿದ ಫೆಂಗಲ್ ಚಂಡಮಾರುತ ಮುಂದಿನ ಎರಡು ಮೂರು ದಿನ ಮೈಸೂರು, ಚಾಮರಾಜನಗರದ ಕಡೆಗೂ ಮಳೆ ತಂದಿತು. ಅದು ರಾಗಿ ಕೊಯ್ಲು, ಭತ್ತದ ಒಕ್ಕಣೆಯ ಹೊತ್ತು. ಕಣದ ಮೇಲೆ ಟಾರ್ಪಾಲು ಎಳೆಯುವ ಗಡಿಬಿಡಿಯಲ್ಲಿ ಮನೆಯೊಳಗಿನ ಕೂಸು, ಮುದುಕರ ಕಡೆ ಗಮನ ಕಡಿಮೆಯಾಗುವುದು ಸಹಜ.

ಹಳೇ ಅಭ್ಯಾಸ, ಹೊಸ ಮನೆ

ಇಲ್ಲಿಗೆ ಬಂತು ನೋಡಿ ಮುಖ್ಯ ವಿಷಯ. ಚಳಿ ಎಂದರೆ ಜನ ಮೊದಲು ಮಾಡುವ ಕೆಲಸ ಕಿಟಕಿ, ಬಾಗಿಲು ಭದ್ರವಾಗಿ ಮುಚ್ಚುವುದು. ಹಳೇ ಹೆಂಚಿನ ಮನೆಯಲ್ಲಿ ಎಷ್ಟು ಮುಚ್ಚಿದರೂ ಗೋಡೆಗೂ ಸೂರಿಗೂ ನಡುವೆ ಸಂದು ಇರುತ್ತಿತ್ತು, ಮೇಲೆ ಬೆಳಕಿಂಡಿ ಇರುತ್ತಿತ್ತು. ಬಾಣಂತಿ ಕೋಣೆಗೆ ಅಜ್ಜಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಸಾಂಬ್ರಾಣಿ ಹಾಕಿದರೆ ಹೊಗೆ ಹೆಂಚಿನ ಎಡೆಯಲ್ಲಿ ಹೊರಟುಹೋಗುತ್ತಿತ್ತು.

ಈಗ ಬೀದಿ ಬೀದಿಗೂ ಆರ್‌ಸಿಸಿ ಮನೆ. ತಾರಸಿ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಒಳಗೆ ಕಾವು ಬಿಡುತ್ತದೆ, ಬೆಳಗಿನ ಜಾವಕ್ಕೆ ಮಂಜುಗಡ್ಡೆಯಂತಾಗುತ್ತದೆ. ಸಂದು ಇಲ್ಲ, ಬೆಳಕಿಂಡಿ ಇಲ್ಲ, ಕಿಟಕಿಗೆ ಗಾಜು ಬೇರೆ. ಅಜ್ಜಿಯ ಅಗ್ಗಿಷ್ಟಿಕೆ ಮಾತ್ರ ಹಾಗೇ ಉಳಿದಿದೆ. ಮನೆ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಅಪಾಯ ಇರುವುದು ಅಲ್ಲೇ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗೋಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕೋಣೆಯೊಳಗೆ ಇದ್ದಿಲು ಉರಿಸಿ ಮಲಗಿದ ಮೂವರು ಯುವಕರು ಮೇಲೇಳಲೇ ಇಲ್ಲ. ಅದಕ್ಕೂ ಒಂದು ತಿಂಗಳ ಹಿಂದೆ ನಮ್ಮದೇ ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಅಕ್ಕತಂಗಿಯರು ಗ್ಯಾಸ್ ಗೀಸರಿನ ಅನಿಲಕ್ಕೆ ಬಲಿಯಾದರು.

ಆದ್ದರಿಂದ ಕೆಂಡ ಬೇಕೇ ಬೇಕು ಎನ್ನುವವರು ಪಡಸಾಲೆಯಲ್ಲಿ ಬಾಗಿಲು ತೆಗೆದಿಟ್ಟು ಕಾಯಿಸಿಕೊಳ್ಳಲಿ. ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಸಾಗಿಸಲಿ. ಬೂದಿ ಮುಚ್ಚಿದ ಕೆಂಡ ಆರಿತೆಂದು ನಂಬಬಾರದು. ಬಾಣಂತಿ, ಮಗುವಿನ ಕೋಣೆಗೆ ಹೊಗೆ ಬೇಡವೇ ಬೇಡ. ಕುಲಾವಿ, ಕಾಲುಚೀಲ, ತಾಯಿಯ ಮೈಕಾವು ಸಾಕು. ಗ್ಯಾಸ್ ಗೀಸರು ಇದ್ದರೆ ಬಚ್ಚಲಮನೆಯ ಹೊರಗೆ ಹಾಕಿಸಬೇಕು. ಅಲ್ಲಿಯವರೆಗೆ ಬಕೇಟು ತುಂಬಿಸಿ, ಆರಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳಬೇಕು. ಕರೆಂಟಿನ ಕಾಯಿಲ್ ಇಟ್ಟವರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೇ ನೀರು ಮುಟ್ಟಬೇಕು. ಮುಚ್ಚಿದ ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿತು ಎಂದರೆ ಮೊದಲು ಬಾಗಿಲು ತೆಗೆದು ಅವರನ್ನು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನು ಮಾಡಿ. ಸೋಡಾ, ನಿಂಬೆಹಣ್ಣು ಎಂದು ಹೊತ್ತು ಕಳೆಯಬೇಡಿ.

ಹತ್ತರಿಂದ ನಾಲ್ಕು

ಹಾಗಾದರೆ ಕಿಟಕಿ ಮುಚ್ಚೋದೋ, ತೆಗೆಯೋದೋ? ಎರಡೂ ಬೇಕು, ಆದರೆ ಹೊತ್ತರಿತು. ಬೆಳಿಗ್ಗೆ ಮಂಜು ಕರಗಿ ಬಿಸಿಲು ಬಲಿತ ಮೇಲೆ, ಎಂದರೆ ಹತ್ತರ ಸುಮಾರಿಗೆ, ಎದುರುಬದುರು ಕಿಟಕಿ ತೆಗೆಯಬೇಕು. ನಾಲ್ಕಕ್ಕೆ ಮುಚ್ಚಿದರೆ ಹಗಲಿನ ಕಾವು ಒಳಗೇ ಉಳಿಯುತ್ತದೆ, ಸೊಳ್ಳೆಯೂ ಕಡಿಮೆ. ರಾತ್ರಿ ಮೇಲಿನ ಒಂದು ಕಿಂಡಿಯಾದರೂ ಬೆರಳಗಲ ತೆರೆದಿರಲಿ.

ಜಡಿ ಹಿಡಿದಾಗ ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವುವುದು ಎಲ್ಲರ ಮನೆ ರೂಢಿ. ಆ ನೀರೆಲ್ಲ ಗಾಳಿಗೆ ಸೇರಿ ತಣ್ಣನೆಯ ಗೋಡೆ ಮೇಲೆ ಪಸೆಯಾಗಿ ಕೂರುತ್ತದೆ. ನಾಲ್ಕು ದಿನಕ್ಕೆ ಬೀರುವಿನ ಹಿಂದೆ ಬೂಷ್ಟು. ದಮ್ಮು ಇದ್ದವರಿಗೆ ಅದೇ ಶತ್ರು. ಜಗುಲಿಯಲ್ಲೋ, ತಾರಸಿಯ ಮೆಟ್ಟಿಲ ಮೇಲೋ ಹಗ್ಗ ಕಟ್ಟಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಬಿಸಿಲು ಬಂದ ದಿನ ಮೊದಲು ಕಂಬಳಿ, ಹಾಸಿಗೆ ತಾರಸಿಗೆ ಹೋಗಲಿ. ನಾಳೆಗಿರಲಿ ಎಂದರೆ ನಾಳೆ ಬಿಸಿಲೇ ಬಾರದಿರಬಹುದು.

ಬಸ್ಸಿನವರಿಗೆ ಒಂದು ಮಾತು: ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಬಟ್ಟೆ ಮೇಲು. ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುತ್ತದೆ, ಬಿಸಿಲೇರಿದಂತೆ ಒಂದೊಂದೇ ತೆಗೆಯಬಹುದು. ಬೆವರಿದ ಬನಿಯನ್ನಿನಲ್ಲೇ ಸಂಜೆಯ ಗಾಳಿಗೆ ಕಿಟಕಿ ಸೀಟು ಹಿಡಿದರೆ ಮೈ ನಡುಗುವುದು ಖಂಡಿತ.

ಅಂಗಡಿಯವರ ಪಾಡೂ ಇದೇ. ಬೆಲ್ಲ, ಉಪ್ಪು ಗಾಳಿಯ ಪಸೆ ಹೀರಿ ಬೆವರುತ್ತವೆ. ಹಪ್ಪಳ ಮೆತ್ತಗಾಗುತ್ತದೆ. ಬಾಳೆಗೊನೆ ಚಳಿಗೆ ಹಣ್ಣಾಗಲು ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲಿಟ್ಟು, ಡಬ್ಬದ ಮುಚ್ಚಳ ಬಿಗಿ ಮಾಡಿದರೆ ಅರ್ಧ ನಷ್ಟ ತಪ್ಪೀತು. ಚಳಿಯೆಂದು ಶಟರು ಎಳೆದುಕೊಂಡು ಒಳಗೆ ಕೆಂಡ ಕಾಯಿಸುವ ಗುಮಾಸ್ತರಿಗೂ ಮೇಲೆ ಹೇಳಿದ ಎಚ್ಚರಿಕೆ ಅನ್ವಯ.

ಇಬ್ಬನಿ ಬಿದ್ದರೇನೇ ಅವರೆಕಾಯಿಗೆ ಸೊಗಡು ಎನ್ನುತ್ತಾರೆ. ಸಂತೆಯಲ್ಲಿ ಕಾಯಿ ತಂದು, ಹಿದುಕಿ, ಬಿಸಿ ಮುದ್ದೆಗೆ ಸಾರು ಬಡಿಸಿಕೊಂಡು ಉಂಡರೆ ಅದಕ್ಕಿಂತ ಅಗ್ಗಿಷ್ಟಿಕೆ ಬೇಕೆ? ಉಂಡು ಮಲಗುವ ಮೊದಲು ಮಾತ್ರ ಎದ್ದು ಒಮ್ಮೆ ನೋಡಿ: ಕೆಂಡ ಹೊರಗಿದೆಯೇ, ಕಿಂಡಿ ತೆರೆದಿದೆಯೇ? ಇವೆರಡು ಸರಿಯಿದ್ದರೆ ಕೊಬ್ಬರಿ ಎಣ್ಣೆ ಎಷ್ಟು ಬೇಕಾದರೂ ಗಟ್ಟಿಯಾಗಲಿ.