ಕೋಟೆಗೋಡೆಯ ಮಗ್ಗುಲಿನ ಮನೆ

1920ರ ಮಾರ್ಚ್ ತಿಂಗಳ ಕೊನೆ. ಸಿರಿಯಾದ ಪೂರ್ವಭಾಗದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯ ದಿಬ್ಬದ ಮೇಲೆ, ಸುತ್ತಲಿನವರು ಸಾಲಿಹಿಯೆ ಎಂದು ಕರೆಯುತ್ತಿದ್ದ ಹಾಳು ಕೋಟೆಯಲ್ಲಿ ಬ್ರಿಟಿಷ್ ಸೇನೆಯ ಒಂದು ತುಕಡಿ ಬೀಡುಬಿಟ್ಟಿತ್ತು. ಅರಬ್ ಬುಡಕಟ್ಟಿನವರೊಡನೆ ಕಾದಾಟದ ದಿನಗಳು. ರಕ್ಷಣೆಗೆ ಕಂದಕ ತೋಡಬೇಕಿತ್ತು. ತೋಡುತ್ತಿದ್ದವರು ಹಿಂದೂಸ್ತಾನದ ಸಿಪಾಯಿಗಳು. ಮಣ್ಣು ಸರಿದ ಕಡೆ ಗೋಡೆ ಕಂಡಿತು, ಗೋಡೆಯ ಮೇಲೆ ಬಣ್ಣ ಮಾಸದ ಮನುಷ್ಯರು ಕಂಡರು. ಕ್ಯಾಪ್ಟನ್ ಮರ್ಫಿ ಎಂಬವನು ಮೇಲಧಿಕಾರಿಗೆ ಪತ್ರ ಬರೆದ. ಮರ್ಫಿಯ ಹೆಸರು ಪುಸ್ತಕಗಳಲ್ಲಿದೆ. ಗುದ್ದಲಿ ಹಿಡಿದವರು ಬರೀ ‘ಸಿಪಾಯಿಗಳು’ ಆಗಿ ಉಳಿದಿದ್ದಾರೆ. ಈ ಕತೆಯನ್ನು ಅವರಿಂದಲೇ ಶುರು ಮಾಡಬೇಕು ಎಂಬುದು ನನ್ನ ಹಟ.

ಷಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಆಗ ಆ ಸೀಮೆಯಲ್ಲಿ ಪ್ರವಾಸದಲ್ಲಿದ್ದರು. ಮೇ ತಿಂಗಳ ಮೊದಲಲ್ಲಿ ಅವರು ಅಲ್ಲಿಗೆ ತಲುಪುವ ಹೊತ್ತಿಗೆ ಸೇನೆ ಹೊರಡುವ ತಯಾರಿಯಲ್ಲಿತ್ತು. ಸಿಕ್ಕಿದ್ದು ಒಂದು ದಿನ. ಅಷ್ಟರಲ್ಲೇ ಫೋಟೋ ತೆಗೆದರು, ಅಳತೆ ಹಿಡಿದರು, ಹೊರಟರು. ಮುಂದೆ 1922–23ರಲ್ಲಿ ಬೆಲ್ಜಿಯಂನ ವಿದ್ವಾಂಸ ಫ್ರಾಂಜ್ ಕ್ಯೂಮಾಂ ಅಲ್ಲಿ ಅಗೆದು, ಇದು ಗ್ರೀಕರ ಕಾಲದಲ್ಲಿ ಹುಟ್ಟಿ ರೋಮನ್ನರ ಕೈಯಲ್ಲಿ ಮುಗಿದ ದೂರಾ-ಯುರೋಪೊಸ್ ಪಟ್ಟಣವೇ ಎಂದು ಗುರುತು ಹಿಡಿದರು. 1928ರಿಂದ 1937ರವರೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯವೂ ಫ್ರಾನ್ಸಿನ ಶಾಸನ ಮತ್ತು ಸಾಹಿತ್ಯ ಅಕಾಡೆಮಿಯೂ ಸೇರಿ ದೊಡ್ಡ ಪ್ರಮಾಣದಲ್ಲಿ ಅಗೆದವು. ಇಡೀ ಕೆಲಸದ ಹಿಂದಿದ್ದ ತಲೆ ರಷ್ಯಾ ಬಿಟ್ಟು ಬಂದಿದ್ದ ಇತಿಹಾಸಕಾರ ಮೈಕೆಲ್ ರೊಸ್ತೊವ್ತ್ಸೆಫ್.

ನಾನು ಹೇಳಹೊರಟ ಮನೆ ಸಿಕ್ಕಿದ್ದು 1931–32ರ ಹಂಗಾಮಿನಲ್ಲಿ. ಸ್ಥಳದಲ್ಲಿ ಉಸ್ತುವಾರಿ ಕ್ಲಾರ್ಕ್ ಹಾಪ್ಕಿನ್ಸ್ ಅವರದು. ಪಶ್ಚಿಮದ ಕೋಟೆಗೋಡೆಗೆ ಒತ್ತಿಕೊಂಡು ಬಿದ್ದಿದ್ದ ಮಣ್ಣಿನ ರಾಶಿಯನ್ನು ಬಿಡಿಸುತ್ತಾ ಹೋದಂತೆ ಒಂದು ಸಣ್ಣ ಕೋಣೆಯ ಗೋಡೆಯಲ್ಲಿ ಬಣ್ಣ ಕಾಣಿಸಿತು. ಆ ಊರಲ್ಲಿ ಗೋಡೆಚಿತ್ರ ಹೊಸದೇನಲ್ಲ, ಅಲ್ಲಿದ್ದ ಹತ್ತಾರು ದೇವರುಗಳ ಗುಡಿಗಳಲ್ಲೆಲ್ಲ ಇದ್ದವು. ಆದರೆ ಇಲ್ಲಿನ ಚಿತ್ರ ಬೇರೆ. ಒಬ್ಬ ಮನುಷ್ಯ ಮಂಚದ ಮೇಲೆ ಮಲಗಿದ್ದಾನೆ. ಪಕ್ಕದಲ್ಲೇ ಅದೇ ಮನುಷ್ಯ ಆ ಮಂಚವನ್ನೇ ಬೆನ್ನಿಗೆ ಹೊತ್ತು ನಡೆಯುತ್ತಿದ್ದಾನೆ. ಮೇಲೆ ಗಡ್ಡವಿಲ್ಲದ, ಗಿಡ್ಡ ಕೂದಲಿನ ಒಬ್ಬ ತರುಣ ಕೈ ಚಾಚಿ ನಿಂತಿದ್ದಾನೆ. ಅದರ ಬದಿಯಲ್ಲಿ ಒಂದು ದೋಣಿ, ದೋಣಿಯಲ್ಲಿ ಬೆರಗಾಗಿ ನೋಡುತ್ತಿರುವವರು, ಕೆಳಗೆ ನೀರಿನ ಮೇಲೆ ಇಬ್ಬರು.

ಸುವಾರ್ತೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾರ್ಶ್ವವಾಯು ರೋಗಿ ಎದ್ದು ನಡೆದದ್ದು, ಪೇತ್ರನು ನೀರಿನಲ್ಲಿ ಮುಳುಗುವಾಗ ಯೇಸು ಕೈ ಹಿಡಿದದ್ದು. ಶಿಲುಬೆಯ ಗುರುತಿಲ್ಲದೆ, ತಲೆಯ ಸುತ್ತ ಪ್ರಭೆಯಿಲ್ಲದೆ, ಬರೀ ಕತೆಯಿಂದಲೇ ಗುರುತು ಸಿಕ್ಕಿತು. ಕಾಲ ಗೊತ್ತಿರುವ ಯೇಸುವಿನ ಚಿತ್ರಗಳಲ್ಲಿ ಇವಕ್ಕಿಂತ ಹಳೆಯವು ಸಿಗುವುದು ತೀರಾ ಅಪರೂಪ.

ಚಿತ್ರ ಸಿಕ್ಕಿದ್ದು ಸುದ್ದಿಯಾಯಿತು. ಆದರೆ ನನ್ನ ಮಟ್ಟಿಗೆ ದೊಡ್ಡ ಆವಿಷ್ಕಾರ ಚಿತ್ರವಲ್ಲ, ಆ ಮನೆ. ನಮ್ಮ ತೊಟ್ಟಿಮನೆಯಂಥದೇ ಒಂದು ಮನೆ: ನಡುವೆ ಅಂಗಳ, ಸುತ್ತ ಕೋಣೆಗಳು, ಬೀದಿಯಿಂದ ನೇರವಾಗಿ ಒಳಗೆ ಕಣ್ಣು ಹಾಯದಂತೆ ತಿರುವು ಕೊಟ್ಟ ಬಾಗಿಲು. ಯಾರದೋ ಸಂಸಾರ ಬಾಳಿದ ಮನೆ. ಒಂದು ದಿನ ಅದು ಕ್ರೈಸ್ತ ಸಭೆಯ ಕೈಗೆ ಬಂತು. ಸಭೆಯವರು ಅದನ್ನು ಕೆಡವಿ ಹೊಸದು ಕಟ್ಟಲಿಲ್ಲ, ಇದ್ದುದನ್ನೇ ಒಗ್ಗಿಸಿಕೊಂಡರು. ಎರಡು ಕೋಣೆಗಳ ನಡುವಿನ ಗೋಡೆ ತೆಗೆದರು. ಸುಮಾರು 13 ಮೀಟರು ಉದ್ದ, 5 ಮೀಟರು ಅಗಲದ ಹಜಾರವಾಯಿತು. ಹಳೆಯ ಮನೆಯಲ್ಲಿ ಅತಿಥಿಗಳು ಒರಗುತ್ತಿದ್ದ ಜಗಲಿಗಳು ಮುಚ್ಚುವ ಹಾಗೆ ನೆಲಕ್ಕೆ ಮಣ್ಣು ತುಂಬಿದರು. ಪೂರ್ವದ ತುದಿಯಲ್ಲಿ ಒಂದು ಗೇಣಿನಷ್ಟು ಎತ್ತರದ ಕಟ್ಟೆ ಕಟ್ಟಿದರು, ಮುಂದೆ ನಿಂತು ಓದುವವರಿಗೆ, ಉಪದೇಶ ಮಾಡುವವರಿಗೆ ಇರಬೇಕು. ಹಜಾರದ ಗೋಡೆಯಲ್ಲಿ ಹಿಂದಿನ ಮನೆಯವರು ಮಾಡಿಸಿದ್ದ ಗಾರೆಯ ಅಂಚುಪಟ್ಟಿಯಿತ್ತು, ಮದ್ಯದೇವತೆ ಡಯೊನೈಸಸ್ಸನ ಪರಿವಾರದ ಅಲಂಕಾರ. ಅದನ್ನು ಯಾರೂ ಕೆತ್ತಿ ತೆಗೆಯಲಿಲ್ಲ. ಅದರ ಕೆಳಗೇ ಕೂತು ಪ್ರಾರ್ಥಿಸಿದರು.

ಹಜಾರದಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ 65ರಿಂದ 75 ಜನ. ಅಷ್ಟು ಸಣ್ಣ ಸಭೆ. ಕನ್ನಡದ ಕ್ರೈಸ್ತರ ಬಾಯಲ್ಲಿ ‘ಸಭೆ’ ಎಂದರೆ ಮೊದಲು ಜನ, ಆಮೇಲೆ ಕಟ್ಟಡ. ಗ್ರೀಕಿನ ‘ಎಕ್ಲೇಸಿಯಾ’ಕ್ಕೂ ಅದೇ ಅರ್ಥ. ಈ ಮನೆಯಲ್ಲಿ ಆ ಅರ್ಥ ಕಣ್ಣಿಗೇ ಕಾಣುತ್ತದೆ.

ಯಾರಿದ್ದರು ಆ ಸಭೆಯಲ್ಲಿ? ದೂರಾ ಗಡಿಪಟ್ಟಣ. ಒಂದು ಕಡೆ ರೋಮ್, ಇನ್ನೊಂದು ಕಡೆ ಪರ್ಷಿಯಾ. ಪಾಲ್ಮೈರಾದ 20ನೆಯ ದಳದ ಸೈನಿಕರು ಅಲ್ಲಿ ಠಾಣ್ಯ ಹೂಡಿದ್ದರು, ವ್ಯಾಪಾರಿಗಳು ಬಂದುಹೋಗುತ್ತಿದ್ದರು. ಅಗೆತದಲ್ಲಿ ಸಿಕ್ಕ ಬರಹಗಳು ಗ್ರೀಕ್, ಲ್ಯಾಟಿನ್, ಪಾಲ್ಮೈರಾದ ಅರಮಾಯಿಕ್, ಸಿರಿಯಕ್, ಹೀಬ್ರೂ, ಪಾರ್ಥಿಯನ್, ಪಹ್ಲವಿ ನುಡಿಗಳಲ್ಲಿವೆ. ಅದೇ ಕೋಟೆಗೋಡೆಯುದ್ದಕ್ಕೆ ಯೆಹೂದಿಗಳ ಸಿನಗಾಗ್, ಸೈನಿಕರು ನಡೆದುಕೊಳ್ಳುತ್ತಿದ್ದ ಮಿತ್ರದೇವರ ಗುಡಿ. ಈ ಮನೆಯ ಗೋಡೆಗಳ ಮೇಲೆ ಹೆಚ್ಚಾಗಿ ಗ್ರೀಕಿನಲ್ಲಿ ಗೀಚಿದ ಸಾಲುಗಳಿವೆ. ಒಂದರಲ್ಲಿ ಪ್ರೊಕ್ಲ ಎಂಬವನನ್ನು ನೆನೆಯಿರಿ ಎಂಬ ಕೋರಿಕೆ. ಇನ್ನೊಂದರಲ್ಲಿ ಸಿಸೆಯೋಸ್ ತನ್ನ ಹೆಸರಿನ ಜೊತೆಗೆ ‘ದೀನ’ ಎಂದು ಸೇರಿಸಿಕೊಂಡಿದ್ದಾನೆ. ಆ ಕಾಲದ ಕ್ರೈಸ್ತರೆಂದರೆ ನೆಲಮಾಳಿಗೆಯಲ್ಲಿ ಅಡಗಿದ್ದವರು ಎಂದೇ ನಾವು ತಿಳಿದಿದ್ದೇವೆ. ಇವರು ಅಡಗಿರಲಿಲ್ಲ. ಸೈನಿಕರು ದಿನವೂ ಓಡಾಡುವ ಬೀದಿಯಲ್ಲೇ ಇದ್ದರು. ಕ್ರೈಸ್ತ ಧರ್ಮಕ್ಕೆ ರೋಮ್ ಸಾಮ್ರಾಜ್ಯದಲ್ಲಿ ಮಾನ್ಯತೆ ಸಿಕ್ಕ 313ಕ್ಕೆ ಇನ್ನೂ ಎರಡು ತಲೆಮಾರು ಬಾಕಿಯಿತ್ತು.

ಮನೆಯ ವಾಯುವ್ಯ ಮೂಲೆಯ ಸಣ್ಣ ಕೋಣೆಗೆ ಮಾತ್ರ ಚಿತ್ರ ಬರೆಸಿದ್ದರು. ಕೆಲವು ಸಭೆಗಳು ದೀಕ್ಷಾಸ್ನಾನ ಎನ್ನುವ, ಕೆಲವು ಜ್ಞಾನಸ್ನಾನ ಎನ್ನುವ ವಿಧಿಯ ಕೋಣೆ ಅದು. ಪಶ್ಚಿಮದ ಗೋಡೆಗೆ ಸೇರಿಸಿ ಕಟ್ಟಿದ ತೊಟ್ಟಿ, ಸುಮಾರು ಒಂದು ಮೀಟರು ಆಳ. ತೊಟ್ಟಿಯ ಮೇಲೆ ಕಮಾನಿನ ಮಂಟಪ. ಅದರ ಕಂಬಗಳಿಗೆ ಅಮೃತಶಿಲೆಯ ಹಾಗೆ ಕಾಣಲೆಂದು ಬಣ್ಣ ಹಚ್ಚಿದ್ದರು, ಒಳಮಾಡಿಗೆ ನೀಲಿ ಬಳಿದು ನಕ್ಷತ್ರ ಬರೆದಿದ್ದರು. ನೀರಿನೊಳಗೆ ನಿಂತವರು ತಲೆ ಎತ್ತಿದರೆ ಇರುಳಿನ ಆಕಾಶ. ಹಿಂದಿನ ಗೋಡೆಯಲ್ಲಿ ಟಗರನ್ನು ಹೆಗಲಿಗೆ ಹೊತ್ತ ಕುರುಬ, ಅವನ ಮುಂದೆ ಕುರಿಹಿಂಡು. ಅದೇ ಚೌಕದ ಮೂಲೆಯಲ್ಲಿ, ಆಮೇಲೆ ಸೇರಿಸಿದ್ದು ಎನ್ನಿಸುವ ಹಾಗೆ, ಪುಟ್ಟದಾಗಿ ಆದಾಮ, ಹವ್ವ. ದಕ್ಷಿಣದ ಗೋಡೆಯಲ್ಲಿ ದಾವೀದ ಮತ್ತು ಗೊಲ್ಯಾತ.

ಕಾಲ ಗೊತ್ತಾದದ್ದು ಹೇಗೆಂದರೆ, ಹಜಾರದ ಗೋಡೆಯ ಗಾರೆ ಹಸಿಯಾಗಿದ್ದಾಗಲೇ ಯಾರೋ ಅದರ ಮೇಲೆ 545ನೆಯ ವರ್ಷ ಎಂದು ಗೀಚಿದ್ದರು. ಅಲ್ಲಿ ನಡೆಯುತ್ತಿದ್ದದ್ದು ಸೆಲ್ಯೂಕಸ್ ಶಕೆ. ಲೆಕ್ಕ ಹಾಕಿದರೆ ಕ್ರಿ.ಶ. 232–33. ಮೊದಮೊದಲು ಅದನ್ನು ಸಭೆ ಮನೆಯನ್ನು ಮಾರ್ಪಡಿಸಿದ ವರ್ಷವೆಂದೇ ಓದುತ್ತಿದ್ದರು. 1967ರಲ್ಲಿ ಅಚ್ಚಾದ ವರದಿಯಲ್ಲಿ ಕಾರ್ಲ್ ಕ್ರೇಲಿಂಗ್ ಅದನ್ನು ತಿದ್ದಿದರು: ಗೀಚಿದ್ದು ಮನೆ ಕಟ್ಟುವಾಗ, ಸಭೆ ಬಂದದ್ದು ಕೆಲವು ವರ್ಷಗಳ ಮೇಲೆ, ಸುಮಾರು 240ರ ಹೊತ್ತಿಗೆ.

ಸುಮಾರು 256ರಲ್ಲಿ ಪರ್ಷಿಯಾದ ಸಸಾನಿ ದೊರೆ ಒಂದನೆಯ ಶಾಪುರನ ಸೈನ್ಯ ಊರನ್ನು ಮುತ್ತಿತು. ಅಂದರೆ ಆ ಹಜಾರದಲ್ಲಿ ಸಭೆ ಕೂಡಿದ್ದು ಹದಿನೈದು ವರ್ಷದ ಆಸುಪಾಸು ಮಾತ್ರ. ಶತ್ರುಗಳು ಸುರಂಗ ಕೊರೆದು ಗೋಡೆ ಕೆಡವದಂತೆ ರೋಮನ್ ಸೈನಿಕರು ಗೋಡೆಯ ಒಳಮಗ್ಗುಲಿಗೆ ಆಸರೆಯಾಗಿ ಮಣ್ಣಿನ ಏರಿ ಕಟ್ಟಿದರು. ಆ ಸಾಲಿನ ಮನೆಗಳ ಮಾಡು ಕಿತ್ತು, ಒಳಗೆ ಮಣ್ಣು ಹಸಿ ಇಟ್ಟಿಗೆ ತುಂಬಿದರು. ಸಭೆಯ ಮನೆ, ಸಿನಗಾಗ್ ಎರಡೂ ಅದರಡಿ ಹೋದವು. ಊರು ಉಳಿಯಲಿಲ್ಲ, ಮತ್ತೆ ನೆಲೆಯಾಗಲೂ ಇಲ್ಲ. ಏರಿ ಇಳಿಜಾರಾಗಿದ್ದರಿಂದ ಕೋಟೆಗೋಡೆಗೆ ಹತ್ತಿರವಿದ್ದ ಭಾಗ ಹೆಚ್ಚು ಎತ್ತರದವರೆಗೆ ಮುಚ್ಚಿಕೊಂಡಿತ್ತು. ತೊಟ್ಟಿಯ ಹಿಂದಿನ ಗೋಡೆ ಉಳಿದದ್ದು ಹಾಗೆ. ಬೇರೆ ಊರುಗಳಲ್ಲೂ ಇಂಥ ಮನೆಗಳಿದ್ದವು. ಅವು ಬೆಳೆದು ದೊಡ್ಡ ದೇವಾಲಯಗಳಾದವು, ಹಳೆಯ ಗೋಡೆ ಹೊಸ ಗೋಡೆಯಡಿ ಕಳೆದುಹೋಯಿತು. ಇಲ್ಲಿ ಬೆಳೆಯಲು ವೇಳೆಯೇ ಸಿಗಲಿಲ್ಲ.

1933ರಲ್ಲಿ ಅದೇ ಏರಿಯ ಮಣ್ಣಿನಲ್ಲಿ, ಮನೆಯಿಂದ ಸ್ವಲ್ಪ ದೂರ, ಅಂಗೈಯಗಲದ ಚರ್ಮಪತ್ರದ ಚೂರು ಸಿಕ್ಕಿತು. ಗ್ರೀಕಿನ ಹದಿನಾಲ್ಕು ಸಾಲು: ಯೇಸುವಿನ ಮರಣದ ಸಂಜೆ, ಗಲಿಲಾಯದಿಂದ ಹಿಂಬಾಲಿಸಿ ಬಂದ ಹೆಂಗಸರು, ಅರಿಮಥಾಯದ ಯೋಸೇಫ. ಯಾವ ಒಂದು ಸುವಾರ್ತೆಯಿಂದಲೂ ಅಲ್ಲ, ನಾಲ್ಕರ ಮಾತುಗಳನ್ನೂ ಹೆಣೆದು ಒಂದೇ ಕತೆ ಮಾಡಿದ್ದು. ಎರಡನೆಯ ಶತಮಾನದಲ್ಲಿ ತಾತಿಯನ್ ಹಾಗೆ ಹೆಣೆದಿದ್ದ ಪುಸ್ತಕದ್ದೇ ಇದು ಎಂದು ಹಲವರು, ಅಲ್ಲ ಎಂದು ಕೆಲವರು. ಆ ಹಜಾರದ ಕಟ್ಟೆಯ ಮೇಲೆ ನಿಂತು ಯಾರೋ ಓದಿದ ಹಾಳೆ ಇದೇ ಎಂದು ನಂಬಲು ನನ್ನ ಮನಸ್ಸು ಎಳೆಯುತ್ತದೆ.

ಪಾಲು ಹಂಚಿಕೊಂಡಾಗ ಸಿನಗಾಗಿನ ಚಿತ್ರಗಳು ದಮಾಸ್ಕಸ್ಸಿಗೂ ಈ ಕೋಣೆಯ ಚಿತ್ರಗಳು ಯೇಲ್ ಇರುವ ನ್ಯೂ ಹೇವನ್ನಿಗೂ ಹೋದವು. ಗೋಡೆ ಬಿಟ್ಟ ಬಣ್ಣ ಅಲ್ಲಿ ಬಹಳಷ್ಟು ಮಾಸಿತು. ದೂರಾದಲ್ಲಿ ಉಳಿದಿದ್ದುದನ್ನು ಸಿರಿಯಾದ ಯುದ್ಧದಲ್ಲಿ ನಿಧಿಗಳ್ಳರು ಅಗೆದರು. 2014ರ ಉಪಗ್ರಹ ಚಿತ್ರಗಳಲ್ಲಿ ಕೋಟೆಯೊಳಗಿನ ಮುಕ್ಕಾಲು ಪಾಲು ನೆಲ ಗುಂಡಿ ಬಿದ್ದು ಕಾಣುತ್ತದೆ. ಹೀಗಾಗಿ ಈಗ ವಿದ್ವಾಂಸರು ಮತ್ತೆ ಮತ್ತೆ ಮರಳುವುದು 1930ರ ದಶಕದಲ್ಲಿ ಅಲ್ಲೇ ಕೂತು ತೆಗೆದ ಫೋಟೋಗಳಿಗೆ, ಬರೆದ ನಕಲುಗಳಿಗೆ.

ಆ ಕೋಣೆಯ ಇನ್ನೊಂದು ಚಿತ್ರದಲ್ಲಿ ಒಬ್ಬ ಹೆಂಗಸು ಬಾವಿಯ ಮೇಲೆ ಬಗ್ಗಿ ಹಗ್ಗ ಹಿಡಿದಿದ್ದಾಳೆ. ಯೇಸುವಿನೊಡನೆ ಮಾತಾಡಿದ ಸಮಾರ್ಯದ ಹೆಂಗಸು ಎಂದು ಎಂಬತ್ತು ವರ್ಷ ಹೆಚ್ಚಿನವರು ಬರೆದರು. 2016ರಲ್ಲಿ ಮೈಕೆಲ್ ಪೆಪ್ಪರ್ಡ್ ಕೇಳಿದರು: ಹಾಗಾದರೆ ಎದುರಿಗೆ ಯೇಸು ಎಲ್ಲಿ? ಬಾವಿಯ ಬಳಿ ಯೇಸುವಿನ ತಾಯಿ ಮರಿಯಳಿಗೆ ದೇವರ ಕರೆ ಕೇಳಿಸಿದ ಹಳೆಯ ಕತೆಯೊಂದಿದೆ, ಇವಳು ಆ ಮರಿಯಳೇ ಎನ್ನುತ್ತಾರೆ ಅವರು. ನನಗೆ ಆ ವಾದ ಹಿಡಿಸುತ್ತದೆ, ಏಕೆಂದರೆ ಅವಳು ನೀರನ್ನು ನೋಡುತ್ತಿಲ್ಲ. ಕತ್ತು ಹೊರಳಿಸಿ ಹಿಂದಕ್ಕೆ, ಯಾರೂ ಇಲ್ಲದ ಕಡೆಗೆ ನೋಡುತ್ತಿದ್ದಾಳೆ. ಅಗೆತದ ಜಾಗದಲ್ಲೇ ಬರೆದ ನಕಲಿನಲ್ಲಿ ಅವಳ ಬೆನ್ನಿಗೆ ತಾಗುವಂತೆ ಎರಡು ಗೆರೆಗಳಿವೆ.